ಬೆನ್ನು ಮುರಿದ ಪುಸ್ತಕ

ಭೂಕಂಪದ ಕಲ್ಲುಮಣ್ಣಿನಿಂದ ಎತ್ತುವಾಗಲೇ
ಅದರ ಬೆನ್ನು ಮುರಿದಿತ್ತು.
ಪ್ರಶ್ನೆಗಳ ಅರ್ಧ ಅಕ್ಕನ ಪಾಲಿಗೆ,
ಬಿಡಿಸಿದ ಲೆಕ್ಕಗಳ ಅರ್ಧ
ಹ್ಮಾಯಕ್ ಮೇಷ್ಟ್ರ ಪಾಲಿಗೆ.
ನಡುವೆ ಗ್ಯುಮ್ರಿಯ ಹಿಮ, ನಾಲ್ಕು ಸಾಲು ಡಬ್ಬಿಮನೆ,
ಮತ್ತೆ ನಾನು, ಒಂಬತ್ತು ವರ್ಷದ ಅಂಚೆಯವ.

ಡೊಮಿಕ್ ಅನ್ನುತ್ತಿದ್ದರು ಅದಕ್ಕೆ, ಪುಟ್ಟ ಮನೆ ಅಂತ;
ಬಾಯಿಗೆ ಸಿಹಿ, ಬೆನ್ನಿಗೆ ತಗಡು.
ದಿನಕ್ಕೊಂದು ತಾಸು ಕರೆಂಟು, ಅದೂ ಬಂದರೆ.
ಬಂದ ತಾಸಿನಲ್ಲಿ ಅಮ್ಮ ನೀರು ಕಾಯಿಸಬೇಕು,
ಅಪ್ಪನಿಗೆ ರೇಡಿಯೋದ ಸುದ್ದಿ ಬೇಕು,
ಅಕ್ಕ ನ್ವಾರ್ಡ್‌ಗೆ ಬರೀ ಬೆಳಕು.

ಮೊದಲ ಲೆಕ್ಕ:
ದಾಟಲಾಗದ ಗೋಡೆಗಳ ಪೆಟ್ಟಿಗೆಯೊಳಗೊಂದು ಕಣ.
ಅದರ ಕನಿಷ್ಠ ಶಕ್ತಿ ಎಷ್ಟು?
ನಾನು ಸುತ್ತ ನೋಡಿದೆ.
"ಸೊನ್ನೆ ಅಂತ ಬರೆದುಬಿಡು."
"ಸೊನ್ನೆ ಆಗೋ ಹಾಗಿಲ್ಲ ಕಣೋ.
ಎಷ್ಟು ತಣ್ಣಗಾದರೂ ಪೂರ್ತಿ ಸುಮ್ಮನಿರಲ್ಲ ಅದು.
ಪೆಟ್ಟಿಗೆ ಚಿಕ್ಕದಾದಷ್ಟೂ ಚಡಪಡಿಕೆ ಜಾಸ್ತಿ."
ಇದೊಂದು ನನಗೆ ಅರ್ಥವಾಯಿತು.
ಆಮೇಲಿನದು ಯಾವುದೂ ಆಗಲಿಲ್ಲ.

ಬ್ರೆಡ್ಡಿನ ಸಾಲಿನಲ್ಲಿ ಅಂಗೈ ಮೇಲೆ ಸಂಖ್ಯೆ ಬರೆಯುತ್ತಿದ್ದರು,
ಇನ್ನೂರ ಹದಿನಾಲ್ಕು, ನೇರಳೆ ಬಣ್ಣದಲ್ಲಿ.
ಎಡಗೈ ಬ್ರೆಡ್ಡಿಗೆ.
ಕಾಗದ ಮುಗಿದ ದಿನ ಬಲಗೈ ಅಕ್ಕನ ಉತ್ತರಕ್ಕೆ.
ಮುಷ್ಟಿ ಬಿಗಿದರೆ ಬೆವರು, ಬಿಚ್ಚಿದರೆ ಹಿಮ,
ಎರಡಕ್ಕೂ ಅಳಿಸಿಹೋಗುವ ಶಾಯಿ.

ಕಾಫಿ ಬಟ್ಟಲಿನ ಗಸಿ ನೋಡಿ
ನಾಳೆ ಹೇಳುವ ಮುದುಕಿಯರ ಹಾಗೆ
ಮೇಷ್ಟ್ರು ನನ್ನ ಕೈ ಓದುತ್ತಿದ್ದರು.
ತಪ್ಪಿದ್ದರೆ ಒಂದೇ ಶಬ್ದ: "ಚಿಹ್ನೆ."
ಇಲ್ಲವೇ, "ಗಡಿ."
ಅಷ್ಟನ್ನು ಬಾಯಲ್ಲಿಟ್ಟುಕೊಂಡು ಜಾರುತ್ತ ಓಡುತ್ತಿದ್ದೆ.
ಸರಿಯಿದ್ದರೆ ಏನೂ ಹೇಳುತ್ತಿರಲಿಲ್ಲ.
ತಮ್ಮ ಅರ್ಧದಿಂದ ಆ ಲೆಕ್ಕದ ಹಾಳೆ ಹರಿದು
ಒಲೆಗೆ ಹಾಕುತ್ತಿದ್ದರು.
"ಅವಳಿಗೇ ಬಂತಲ್ಲ,
ಇನ್ನು ಇದ್ಯಾಕೆ ಇಲ್ಲಿ?"

ಒಂದು ಹಾಳೆಯ ಬಿಸಿ ಎಷ್ಟು?
ಲೋಟ ಹಾಲು ಕಾಯುವಷ್ಟೂ ಇಲ್ಲ.
ನನ್ನ ಎರಡು ಅಂಗೈ,
ಅವರ ಒಂದು ಕೆಮ್ಮು.

ಅಂದಿನಿಂದ ಅಕ್ಕನ ಬೆನ್ನು ಹತ್ತಿದೆ.
ಬೇಗ ಬಿಡಿಸು, ಬೇಗ ಬಿಡಿಸು.
ಯಾಕೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.
ಗೋಡೆ ಹತ್ತಲು ಶಕ್ತಿ ಸಾಲದೆಯೂ
ಗೋಡೆಯಾಚೆ ಸಿಗುವ ಕಣದ ಲೆಕ್ಕಗಳು,
ಒಂದೇ ವಾರದಲ್ಲಿ ಹನ್ನೊಂದು.
ಮೇಷ್ಟ್ರ ಒಲೆ ಆ ವಾರ ಮಾತಾಡುತ್ತಿತ್ತು.

ಎಂಬತ್ತೇಳರಲ್ಲಿ ಸಿಕ್ಕಿಬಿದ್ದಳು.
ಒಂದೇ ಥರದ ಎರಡು ಕಣ
ಹತ್ತಿರ ಬಂದು ದೂರವಾಗುತ್ತವೆ.
ಹೋದದ್ದು ಯಾವುದು, ಬಂದದ್ದು ಯಾವುದು,
ಕೇಳುವ ಹಾಗಿಲ್ಲ; ಆದರೂ ಲೆಕ್ಕ ಬಿಡಿಸಬೇಕು.
ಐದು ಸಲ ಕಳಿಸಿದಳು.
"ಚಿಹ್ನೆ." "ಗಡಿ." "ಚಿಹ್ನೆ." "ಮೊದಲಿಂದ."
ಐದನೆಯ ಸಲ ಬರೀ ತಲೆಯಾಡಿಸಿದರು.
ಆ ರಾತ್ರಿ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಬೆಳಿಗ್ಗೆ ಹೋಗಿ ನೋಡಿದರೆ
ಕುರ್ಚಿಗೆ ಮೂರೇ ಕಾಲು,
ಹಳೆಯ ಬೂಟು ಇಲ್ಲ, ಚೆಸ್ ಹಲಗೆ ಇಲ್ಲ.
ಹಾಳೆ ದಿಂಬಿನ ಕೆಳಗಿತ್ತು.

ಮಾರ್ಚಿಯಲ್ಲಿ, ಹಿಮ ಕೆಸರಾಗುವ ಹೊತ್ತಿಗೆ
ಅವರನ್ನು ಮಣ್ಣು ಮಾಡಿದೆವು.
ರಟ್ಟು, ಒಂದು ಹಾಳೆ: ಇಷ್ಟು ನನ್ನ ಕೈಗೆ ಬಂತು.

ಈಗ ನಾನು ವೆಲ್ಡರ್.
ಹಳೆಯ ಡೊಮಿಕ್‌ಗಳನ್ನು ಕೊಯ್ದು ಗುಜರಿಗೆ ಹಾಕುತ್ತೇನೆ.
ಅಕ್ಕ ಯೆರೆವಾನಿನಲ್ಲಿ ಹುಡುಗರಿಗೆ ಇದನ್ನೇ ಕಲಿಸುತ್ತಾಳೆ.
ಹೊಸ ವರ್ಷಕ್ಕೆ ಫೋನು ಮಾಡಿದಾಗ ಕೇಳುತ್ತೇನೆ, ಎಂಬತ್ತೇಳು?
ಬೇರೆ ಪುಸ್ತಕಗಳಲ್ಲಿ ಇದ್ದೀತು, ಅವಳು ನೋಡಿಲ್ಲ.
"ಹೇಳಬೇಡ" ಅನ್ನುತ್ತಾಳೆ,
ನನಗೇನೋ ಓದಲು ಬರುವ ಹಾಗೆ.

ಹಾಳೆಯ ಒಂದು ಮೂಲೆ ಕಂದಿದೆ.
ಒಲೆಯ ಬಾಯಿತನಕ ಒಯ್ದು
ಕೈ ಹಿಂದೆ ತೆಗೆದಿರಬೇಕು.
ಅಲ್ಲಿ ಏನಿತ್ತೋ ಗೊತ್ತಿಲ್ಲ,
ಪುಟದ ಸಂಖ್ಯೆ ಇರಬಹುದು.